ಹೊಳೆ ಹರಿಯುವ ದಿಕ್ಕು

ಕುಶಾಲನಗರದ ಸಂತೆಮಾಳದ ಹಿಂದಿನ ಕೇರಿಯಲ್ಲಿ ಚೆನ್ನಯ್ಯ ಎಂಬ ಗಾಡಿ ಹೊಡೆಯುವವನಿದ್ದ. ಅವನ ಬಲ ಹೆಗಲು ಎಡ ಹೆಗಲಿಗಿಂತ ತಗ್ಗು. ಯಾರಾದರೂ ಕೇಳಿದರೆ, “ಜರ್ಮನಿಯೋನು ಬಂದೂಕದ ಹಿಂದುಗಡೆಯಿಂದ ಕೊಟ್ಟ ಇನಾಮು ಕಣಣ್ಣ” ಎನ್ನುತ್ತಿದ್ದ. ಆ ಮುರಿದ ಹೆಗಲೇ ಅವನ ಬದುಕಿನ ಹೆಮ್ಮೆಯಾಗಿತ್ತು.

ಅವನ ಅಪ್ಪ ಹಾಸನದ ಕಡೆಯಿಂದ ಗದ್ದೆ ಅರಸಿಕೊಂಡು ಬಂದವನು. ಯುದ್ಧ ಬಂದಾಗ ಚೆನ್ನಯ್ಯ ಮತ್ತು ಪಕ್ಕದ ಮನೆಯ ಸಣ್ಣಸ್ವಾಮಿ ಒಟ್ಟಿಗೆ ಸೈನ್ಯಕ್ಕೆ ಸೇರಿದರು, ಆಫ್ರಿಕಾದ ಮರಳಿನಲ್ಲಿ ಒಟ್ಟಿಗೆ ಸೆರೆಸಿಕ್ಕರು. ಒಂದು ಚಳಿಗಾಲದಲ್ಲಿ ಅವರನ್ನು ಮುಚ್ಚಿದ ರೈಲುಡಬ್ಬಿಯಲ್ಲಿ ತುಂಬಿ ಜರ್ಮನಿಯ ನೀಡರ್‌ಫೆಲ್ಸ್ ಎಂಬ ಸಣ್ಣ ಊರಿಗೆ ತಂದರು. ಮೈನ್ ಎಂಬ ಹೊಳೆಯ ದಡದ ಊರು ಅದು. ದೋಣಿಗಳಿಗೆ ಮರ ತುಂಬುವುದು ಕೈದಿಗಳ ಕೆಲಸ.

ಊರಿಗೆ ಮರಳಿದ ಮೇಲೂ ಚೆನ್ನಯ್ಯನ ಬಾಯಲ್ಲಿ ಆ ಊರು ಇತ್ತು. ಹೊಳೆಗೆ ಇಳಿಯುವಲ್ಲಿ ಕಲ್ಲಿನ ಹೆಬ್ಬಾಗಿಲು. ಅದರ ಕಂಬದ ಮೇಲೆ ಹಳೆಯ ನೆರೆಗಳು ಏರಿದ ಮಟ್ಟಕ್ಕೆ ಗೆರೆ, ಗೆರೆಯ ಪಕ್ಕದಲ್ಲಿ ಇಸವಿ. ಒಂದು ಗೆರೆ ಆಳಿಗಿಂತ ಎತ್ತರ. ಚರ್ಮ ಹದ ಮಾಡುವವರ ಬೀದಿ, ಹಿಟ್ಟಿನ ಗಿರಣಿ, ಗುಡ್ಡದ ಮೇಲೆ ಬಿದ್ದುಹೋದ ಕೋಟೆ. ಹಿಂದಿನ ಕಾಲದಲ್ಲಿ ಈ ದಡ ಒಬ್ಬ ಪಾಳೆಯಗಾರನದು, ಆ ದಡ ಒಬ್ಬ ಪಾದ್ರಿದೊರೆಯದು. ಉಪ್ಪಿನ ದೋಣಿಗೆ ಎರಡು ಕಡೆಯೂ ಸುಂಕ. ಇದನ್ನೆಲ್ಲ ಒಂಟಿ ಕೈಯ ಮುದುಕ ಅಂಬಿಗನೊಬ್ಬ ಅರ್ಧ ಮಾತಿನಲ್ಲಿ, ಅರ್ಧ ಸನ್ನೆಯಲ್ಲಿ ಅವನಿಗೆ ಹೇಳಿದ್ದನಂತೆ. “ಎಲ್ಲಾ ನಮ್ಮಂಗೇಯ. ಈಚೆ ಕೊಡಗು, ಆಚೆ ಮೈಸೂರು, ನಡೂವೆ ಸುಂಕದೋನು” ಎಂದು ಚೆನ್ನಯ್ಯ ನಗುತ್ತಿದ್ದ.

ಆ ಊರಿನಲ್ಲೇ ಸಣ್ಣಸ್ವಾಮಿ ಎದೆಕಫ ಕಟ್ಟಿ ಸತ್ತ. ಸ್ಮಶಾನದ ಗೋಡೆಯ ಹೊರಗೆ, ಹೊಳೆಯ ಪಕ್ಕದಲ್ಲಿ, ಹೆಪ್ಪುಗಟ್ಟಿದ ನೆಲ ಅಗೆದು ಗುಂಡಿ ತೋಡಿದರು. ನಮ್ಮವರಲ್ಲಿ ಸತ್ತವರನ್ನು ತೆಂಕಲಿಗೆ ತಲೆ ಇಟ್ಟು ಹೂಳುತ್ತಾರೆ. ಬಡಗಲಿಗೆ ತಲೆ ಹಾಕಿ ಬದುಕಿದ್ದವರೂ ಮಲಗುವುದಿಲ್ಲ. ಆದರೆ ಅವರು ಬಂದಾಗಿನಿಂದ ಆ ಕಣಿವೆಯಲ್ಲಿ ಬರೀ ಮಂಜು. ಸೂರ್ಯ ಯಾವ ಕಡೆ ಹುಟ್ಟುತ್ತಾನೆಂದು ಯಾರೂ ಕಂಡಿರಲಿಲ್ಲ. ಚೆನ್ನಯ್ಯ ಹೊಳೆಯನ್ನು ನೋಡಿದ. ಕುಶಾಲನಗರದಲ್ಲಿ ಕಾವೇರಿ ಬಡಗಲಿಗೆ ಹರಿಯುತ್ತಾಳೆ. ಹುಟ್ಟಿದಂದಿನಿಂದ ಅವನಿಗೆ ನೀರು ಹೋಗುವ ಕಡೆಯೇ ಬಡಗಲು, ನೀರು ಬರುವ ಕಡೆಯೇ ತೆಂಕಲು. ಕಾವಲಿನವನು ಹೆಣದ ತಲೆಯನ್ನು ನೀರು ಹೋಗುವ ಕಡೆಗೆ ಇಡಿಸಿದ್ದ. ಚೆನ್ನಯ್ಯ ಗುಂಡಿಗೆ ಹಾರಿ ಗೆಳೆಯನನ್ನು ತಿರುಗಿಸತೊಡಗಿದ. ಬಂದೂಕದ ಪೆಟ್ಟಿಗೆ ಹೆಗಲ ಮೂಳೆ ಮುರಿಯಿತು. ಅವನು ಬಿಡಲಿಲ್ಲ. ಒಂದೇ ಕೈಯಲ್ಲಿ ಎಳೆದು, ನೀರು ಬರುವ ಕಡೆಗೆ ತಲೆ ಇಟ್ಟೇ ಮೇಲೆ ಬಂದ.

ಸಣ್ಣಸ್ವಾಮಿಯ ತಾಯಿ ನಿಂಗಮ್ಮನಿಗೆ ಇದ್ದ ಸಮಾಧಾನ ಇದೊಂದೇ. ಮೂರನೆಯ ದಿನ ಗೋರಿಯ ಮೇಲೆ ಹಾಲು ತುಪ್ಪ ಬಿಡುವುದು ನಮ್ಮ ಪದ್ಧತಿ. ಅವಳಿಗೆ ಗೋರಿ ಇರಲಿಲ್ಲ. ಪ್ರತಿ ವರ್ಷ ಪಿತೃಪಕ್ಷದಲ್ಲಿ ಅವಳು ಹೊಳೆಗಿಳಿದು ನೀರಿಗೇ ಹಾಲು ತುಪ್ಪ ಬಿಡುತ್ತಿದ್ದಳು. ಚೆನ್ನಯ್ಯ ಪಕ್ಕದಲ್ಲಿ ನಿಂತಿರಬೇಕು.

“ಹೇಳಪ್ಪಾ ಚೆನ್ನಾ, ನನ್ ಮಗ ಎಂಗೆ ಮಲಗವ್ನೆ?”

“ತೆಂಕಲಿಗೆ ತಲೆ ಕಣವ್ವಾ. ನಾನೇ ತಿರುಗ್ಸಿ ಮಲಗ್ಸಿದ್ದು.”

“ಅಷ್ಟು ಸಾಕು ಬುಡು.”

ಇನ್ನೊಂದು ವರ್ಷ ಬದುಕಲು ಅವಳಿಗೆ ಅಷ್ಟು ಸಾಕಾಗುತ್ತಿತ್ತು.

ಕೊಡಗು ಬೇರೆ ರಾಜ್ಯವಾಗಿದ್ದ ಆ ವರ್ಷಗಳಲ್ಲಿ ಶಾಲೆಗೆ ಯುರೋಪಿನ ಹೊಸ ಭೂಪಟ ಬಂತು. ಪೊನ್ನಪ್ಪ ಮೇಷ್ಟ್ರು ಜರ್ಮನಿಯ ಪಾಠಕ್ಕೆ ಚೆನ್ನಯ್ಯನನ್ನೇ ಕರೆಸಿದರು. ಅವನು ಒಗೆದ ಅಂಗಿ ತೊಟ್ಟು ಬಂದು ಕಂಬದ ಗೆರೆ, ಉಪ್ಪಿನ ದೋಣಿ ಎಲ್ಲವನ್ನೂ ಹೇಳಿದ. ನೀಡರ್‌ಫೆಲ್ಸ್ ಭೂಪಟದಲ್ಲಿರಲಿಲ್ಲ. ರೈಲಿನಿಂದ ಇಳಿದ ದೊಡ್ಡ ಊರು ಯಾವುದು, ನೀಡರ್‌ಫೆಲ್ಸ್ ಬಿಟ್ಟ ಮೇಲೆ ಹೊಳೆಯ ಜೊತೆಗೆ ನಡೆದು ಸೇರಿದ ಊರು ಯಾವುದು ಎಂದು ಮೇಷ್ಟ್ರು ಕೇಳಿದರು. ಎರಡನ್ನೂ ಹುಡುಕಿ ನಡುವೆ ಬೆರಳಿಟ್ಟರು.

“ಇಲ್ಲೇ ಇರ್ಬೇಕು ನಿಮ್ಮ ಊರು. ನೋಡಿ, ಹೊಳೆ ಇಲ್ಲಿ ನೆಟ್ಟಗೆ ದಕ್ಷಿಣಕ್ಕೆ ಇಳಿಯತ್ತೆ.”

“ಬಡಗಲಿಗೆ ಮೇಷ್ಟ್ರೇ.”

“ದಕ್ಷಿಣಕ್ಕೆ ಮಾರಾಯ.”

“ಅಂಗಾದ್ರೆ ಪಟಾನ ತಲೆಕೆಳಗೆ ನೇತಾಕಿದೀರ.”

ಮಕ್ಕಳು ಗೊಳ್ಳೆಂದು ನಕ್ಕರು. ಮೇಷ್ಟ್ರೂ ನಕ್ಕರು. ಚೆನ್ನಯ್ಯ ನಗಲಿಲ್ಲ. ಅವನಿಗೆ ಆ ಊರು ಬಿಟ್ಟ ದಿನ ನೆನಪಾಗಿತ್ತು. ಅವತ್ತು ಮೊದಲ ಬಾರಿಗೆ ಮಂಜು ಸರಿದಿತ್ತು. ಬೆಳಿಗ್ಗೆ ಹೊಳೆ ಹರಿಯುವ ಕಡೆಗೇ ಕೈದಿಗಳನ್ನು ನಡೆಸಿದ್ದರು, ಎಳೆಬಿಸಿಲು ಎಡ ಕೆನ್ನೆಗೆ ಬಿದ್ದಿತ್ತು. ಬಿಸಿಲು ಕಂಡ ಸುಖದಲ್ಲಿ ಅವನು ಬೇರೇನೂ ಯೋಚಿಸಿರಲಿಲ್ಲ. ಕಾವೇರಿಯ ಜೊತೆ ಬೆಳಿಗ್ಗೆ ನಡೆದರೆ ಬಿಸಿಲು ಬೀಳುವುದು ಬಲ ಕೆನ್ನೆಗೆ.

ಕಾವಲಿನವನು ಇಟ್ಟ ಹಾಗೇ ಬಿಟ್ಟಿದ್ದರೆ ಸರಿಯಾಗಿರುತ್ತಿತ್ತು.

ಮಕ್ಕಳು ಹೋದ ಮೇಲೆ ಅವನು ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದ. “ಹೋಗ್ಲಿ ಚೆನ್ನಯ್ಯ, ಮಣ್ಣಿನೊಳಗೆ ಎಂತ ದಿಕ್ಕು?” ಎಂದರು ಅವರು.

“ಆ ಮುದುಕಿಗೆ ಐತೆ ಮೇಷ್ಟ್ರೇ.”

ಹೇಳಿಬಿಡಬೇಕೆಂದೇ ಮರುದಿನ ಅವನು ನಿಂಗಮ್ಮನ ಮನೆಗೆ ಹೋದ. ಅವಳು ಜ್ವರದಲ್ಲಿದ್ದಳು. ಮಗಳ ಕೂಸು ಪಕ್ಕದಲ್ಲಿ ನಿದ್ದೆ ಮಾಡುತ್ತ ಉರುಳಿ ಉರುಳಿ ತಿರುಗಿಬಿಟ್ಟಿತ್ತು. ಮುದುಕಿ ನರಳುತ್ತಲೇ ಎದ್ದು ಕೂತು, ಅದನ್ನು ಎತ್ತಿ ನೆಟ್ಟಗೆ ಮಲಗಿಸಿದಳು.

“ಇದೂ ಇದರ ಸೋದರಮಾವನಂಗೇಯ. ಅವ್ನೂ ಹಿಂಗೇ ಬಡಗಲಿಗೆ ತಲೆ ಹಾಕ್ಬುಡೋನು. ನಿದ್ದೆಗೆಟ್ಟು ತಿರುಗ್ಸಿ ತಿರುಗ್ಸಿ ಮಲಗ್ಸಿದೀನಿ,” ಎಂದಳು. ಆಮೇಲೆ, “ಕೊನೇಗೆ ನೀನು ತಿರುಗ್ಸಿದೆ ಮಗಾ. ನಾನ್ ಮಾಡೋ ಕೆಲಸ ನೀನ್ ಮಾಡ್ದೆ” ಎಂದು ಅವನ ತಗ್ಗಿದ ಹೆಗಲನ್ನು ಸವರಿದಳು.

ಚೆನ್ನಯ್ಯ ಕೂಸಿನ ಮೇಲೆ ಕಂಬಳಿ ಎಳೆದ.

“ನನ್ನೂ ಅವ್ನು ಮಲಗಿರೋ ಹಂಗೇ ಮಲಗ್ಸು. ಆಯ್ತಾ?”

“ಆಯ್ತು ಕಣವ್ವಾ.”

ಆ ವಾರ ಕಳೆಯುವುದರೊಳಗೆ ಅವಳು ತೀರಿಕೊಂಡಳು. ಗುಂಡಿಯಲ್ಲಿ ತಲೆಯ ಕಡೆ ಹಿಡಿದವನು ಚೆನ್ನಯ್ಯನೇ. ಮಗ ಮಲಗಿದ ಹಾಗೆ ಎಂದರೆ ಬಡಗಲಿಗೆ. ಅದು ಅವನೊಬ್ಬನಿಗೇ ಗೊತ್ತು. ಮೇಲೆ ನಿಂತವರು, “ಇಳಿಸಪ್ಪಾ, ಏನು ನೋಡ್ತೀಯ?” ಎಂದರು. ಅವನು ತೆಂಕಲಿಗೇ ಇಳಿಸಿದ. ಕೊಟ್ಟ ಮಾತೂ ಸುಳ್ಳಾಯಿತು.

ಆಮೇಲೆ ಅವನು ಆ ಊರಿನ ಸುದ್ದಿ ಎತ್ತಲಿಲ್ಲ. ಹೆಗಲ ಬಗ್ಗೆ ಕೇಳಿದವರಿಗೆ ಗಾಡಿಯಿಂದ ಬಿದ್ದೆ ಎನ್ನುತ್ತಿದ್ದ. ಚಾಪೆಯನ್ನು ಬಡಗಲಿಗೆ ತಲೆ ಬರುವಂತೆ ಹಾಸಿಕೊಳ್ಳತೊಡಗಿದ.

“ನಿಮ್ಗೇನ್ ಹುಚ್ಚಾ? ಮನುಷ್ಯರು ಆ ಕಡೆ ತಲೆ ಹಾಕ್ತಾರಾ?” ಎಂದು ಹೆಂಡತಿ ಮುದ್ದಿ ಬೈಯುತ್ತಿದ್ದಳು.

“ಒಬ್ಬ ಹಾಕವ್ನೆ ಕಣೆ. ಹಾಕ್ಸಿದ್ದು ನಾನು.”

ಅವಳು ಚಾಪೆಯನ್ನು ಎಳೆದು ತಿರುಗಿಸುವಳು. ಅವನು ಮತ್ತೆ ತಿರುಗಿಸಿಕೊಳ್ಳುವನು.

ಕೊಡಗು ಮೈಸೂರಿಗೆ ಸೇರುವ ಮುಂಚಿನ ಮಳೆಗಾಲದಲ್ಲಿ ಚೆನ್ನಯ್ಯ ಸತ್ತ. ತನ್ನನ್ನು ಬಡಗಲಿಗೆ ತಲೆ ಇಟ್ಟು ಹೂಳಿ ಎಂದು ಮುದ್ದಿಗೆ ಹೇಳಿದ್ದನಂತೆ. ಅವಳು ಅಳುತ್ತಲೇ ಆ ಮಾತನ್ನು ಹಿರಿಯರಿಗೆ ತಿಳಿಸಿದಳು. ಸಾಯುವವರು ಏನೇನೋ ಕನವರಿಸುತ್ತಾರೆ ಎಂದರು ಅವರು. ಅವತ್ತೂ ಮೋಡ ಕವಿದು ಸೂರ್ಯ ಕಾಣುತ್ತಿರಲಿಲ್ಲ. ಅದಕ್ಕೆ ಹೊಳೆಯನ್ನು ನೋಡಿಕೊಂಡು, ನೀರು ಬರುವ ಕಡೆಗೆ ತಲೆ ಇಟ್ಟು ಹೂಳಿದರು.