ಡಾಕ್ಟರು ಬೇಡ ಅಂದಿದ್ದಾರೆ

ಬೆಳಗ್ಗೆ ಎದ್ದರೆ ಬಲಗೈ ಬೆರಳುಗಳು ಮಡಚುತ್ತಿರಲಿಲ್ಲ. ಬಿಸಿನೀರಿನಲ್ಲಿ ಅರ್ಧ ಗಂಟೆ ಅದ್ದಿಕೊಂಡು ಕೂತ ಮೇಲೆಯೇ ಜಡೆ ಹೆಣೆಯಲು ಆಗುತ್ತಿತ್ತು. ಶಾಲೆಯಲ್ಲಿ ಸೀಮೆಸುಣ್ಣ ಹಿಡಿದರೆ ನನ್ನ ಅಕ್ಷರ ಒಂದನೇ ತರಗತಿ ಮಕ್ಕಳ ಅಕ್ಷರಕ್ಕಿಂತ ಕೆಟ್ಟದಾಗಿ ಬೀಳುತ್ತಿತ್ತು. ಚಿತ್ರದುರ್ಗದ ಡಾಕ್ಟರು ಮಾತ್ರೆ ಬರೆದುಕೊಟ್ಟು, ಆರು ತಿಂಗಳು ಹಾಲು, ಗೋಧಿ, ಸಕ್ಕರೆ ಮೂರನ್ನೂ ಬಿಟ್ಟು ನೋಡಿ ಎಂದರು. ಮೈದಾ, ರವೆ, ಮೊಸರು, ತುಪ್ಪ, ಬೆಲ್ಲ ಎಲ್ಲವೂ ಅದರೊಳಗೇ ಬಂತು. ಪ್ಯಾಕೆಟ್ಟಿನಲ್ಲಿ ಬರುವುದು ಯಾವುದೂ ಬೇಡ, ಕಾಳನ್ನು ಕಾಳಾಗಿ, ಹಣ್ಣನ್ನು ಹಣ್ಣಾಗಿ ತಿನ್ನಿ ಎಂದರು. ಹೇಳುವುದಕ್ಕೆ ಅವರಿಗೇನು, ಮೇಜಿನ ಮೇಲೆ ಬಿಸ್ಕತ್ತಿನ ಪಕ್ಕ ಅವರ ಟೀ ಆರುತ್ತಿತ್ತು.

ಮನೆಯಲ್ಲಿ ನನ್ನ ಗಂಡ ಎರಡು ದಿನ ಸಾಮೆ ಅನ್ನ ತಿಂದು ಬೆನ್ನು ತಟ್ಟಿಕೊಂಡ. ಮೂರನೆಯ ದಿನ ಹೊಸದುರ್ಗ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಬೆಣ್ಣೆದೋಸೆ ತಿಂದು, ಬಾಯಿ ಒರೆಸಿಕೊಂಡು ಬಂದು, ಹಸಿವಿಲ್ಲ ಎಂದ. ಶಾಲೆಯಲ್ಲಿ ಹೆಡ್‌ಮಾಸ್ಟರ್ ನನ್ನ ಡಬ್ಬಿ ಬಗ್ಗಿ ನೋಡಿ, "ಏನ್ ಮೇಡಂ, ಹಕ್ಕಿ ಮೇವು ತಂದೀರಾ?" ಎಂದು ದಿನವೂ ಕೇಳುತ್ತಿದ್ದರು. ದಿನವೂ ಅದೇ ಮಾತಿಗೆ ತಾವೇ ನಗುತ್ತಿದ್ದರು.

ನಗದೆ ಇದ್ದವಳು ಒಬ್ಬಳೇ. ನಾಲ್ಕನೇ ತರಗತಿಯ ಟೀಚರು, ನನಗಿಂತ ಆರು ವರ್ಷಕ್ಕೆ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ಮತ್ತೋಡಿನ ಕಡೆಯ ಆ ಶಾಲೆಗೆ ಹನ್ನೆರಡು ವರ್ಷ ಒಂದೇ ಬಸ್ಸಿನಲ್ಲಿ ಹೋಗಿ ಒಂದೇ ಬೆಂಚಿನಲ್ಲಿ ಡಬ್ಬಿ ಬಿಚ್ಚಿದವರು ನಾವು. ನನ್ನ ಪಥ್ಯ ಶುರುವಾದ ವಾರದಿಂದ ಅವಳ ಡಬ್ಬಿಯೂ ಬದಲಾಯಿತು. ಹುರುಳಿಕಾಳಿನ ಉಸಲಿ, ಕಡಲೆಕಾಯಿ ಚಟ್ನಿಪುಡಿ, ನವಣೆ ಅನ್ನ, ಸೊಪ್ಪಿನ ಸಾರು. ಎಲ್ಲ ಅವಳ ಅವ್ವ ಮಾಡಿದ್ದು, ಎಲ್ಲದರಲ್ಲೂ ನನಗೊಂದು ಪಾಲು. "ನಮ್ಮವ್ವ ಇದನ್ನೇ ತಿಂದು ಬೆಳೆದೋಳು ಅಕ್ಕ. ಆವಾಗ ಬೇರೇನೂ ಸಿಕ್ತಿರಲಿಲ್ಲ. ನಿಂಗಾದ್ರೆ ಡಾಕ್ಟರ್ ಬಂದು ಹೇಳಬೇಕಾಯ್ತು ನೋಡು" ಎಂದು ಛೇಡಿಸುತ್ತಿದ್ದಳು. ಮೂರನೆಯ ತಿಂಗಳಿಗೆ ನನ್ನ ಬೆರಳು ಮಡಚತೊಡಗಿದವು. ಅದರಲ್ಲಿ ಅರ್ಧ ಪುಣ್ಯ ಆ ಡಬ್ಬಿಯದು.

ಅವಳು ಪರಿಶಿಷ್ಟ ಜಾತಿಯವಳು, ನಾನಲ್ಲ. ಇದನ್ನು ಬರೆಯಲು ನನಗೆ ಇಷ್ಟವಿಲ್ಲ. ಬರೆಯದಿದ್ದರೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ. ಅವಳ ಡಬ್ಬಿಗೆ ಕೈ ಹಾಕಿ ತಿನ್ನುತ್ತೇನೆ ಎಂಬುದು ನನ್ನ ಒಳಗಿನ ದೊಡ್ಡ ಹೆಮ್ಮೆಯಾಗಿತ್ತು. ಹನ್ನೆರಡು ವರ್ಷದಲ್ಲಿ ಒಂದು ದಿನವೂ ಅವಳ ಮನೆಗೆ ಹೋಗಿರಲಿಲ್ಲ, ಅವಳನ್ನು ನಮ್ಮ ಮನೆಗೆ ಕರೆದಿರಲೂ ಇಲ್ಲ. ಸಂದರ್ಭ ಬರಲಿಲ್ಲ ಎಂದುಕೊಂಡಿದ್ದೆ. ಹಾಗೆ ಅಂದುಕೊಳ್ಳುವುದು ಎಷ್ಟು ಸುಲಭ!

ಅವಳೂ ಅವಳ ಗಂಡನೂ ಹೊಸದುರ್ಗದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಹೆಡ್‌ಮಾಸ್ಟರ್ ಕಾರಿನಲ್ಲಿ ನಾವು ನಾಲ್ವರು ಟೀಚರುಗಳು ಹೊರಟೆವು. ದಾರಿಯಲ್ಲೇ ಒಬ್ಬೊಬ್ಬರೂ ತಮ್ಮ ಸಬೂಬು ಸಿದ್ಧಮಾಡಿಕೊಳ್ಳುತ್ತಿದ್ದರು. ಒಬ್ಬರಿಗೆ ಅವತ್ತು ಒಪ್ಪತ್ತು. ಒಬ್ಬರಿಗೆ ನೆಂಟರ ಮನೆಯಲ್ಲಿ ಊಟ. ಇನ್ನೊಬ್ಬರಿಗೆ ಬೆಳಗಿನಿಂದ ಹೊಟ್ಟೆ ಸರಿಯಿಲ್ಲ. ಬೀಳ್ಕೊಡುಗೆ ಸಮಾರಂಭಗಳಲ್ಲಿ ಎರಡೆರಡು ಜಾಮೂನು ನುಂಗುವ ಹೆಡ್‌ಮಾಸ್ಟರಿಗೆ ಇದ್ದಕ್ಕಿದ್ದಂತೆ ಶುಗರ್ ಬಂದಿತ್ತು. ನಾನು ಸುಮ್ಮನೆ ಕೂತಿದ್ದೆ. ನನ್ನದು ನಿಜವಾದ ಕಾರಣ. ಡಾಕ್ಟರ ಚೀಟಿ ಪರ್ಸಿನಲ್ಲೇ ಇತ್ತು.

ಅವಳು ಗಂಡನ ಪಕ್ಕ ಪೂಜೆಗೆ ಕೂತಿದ್ದಳು. ಹೊಗೆಯ ಆಚೆಯಿಂದ, ಕೂತಿರು ಎಂದು ನನಗೆ ಕೈಸನ್ನೆ ಮಾಡಿದಳು. ಅವಳ ಅವ್ವ ಹೊಸ ಸೀರೆ ಉಟ್ಟು ತಟ್ಟೆ ಹಿಡಿದು ಬಂದರು. ಹೊಸ ಒಲೆಯ ಮೇಲೆ ಉಕ್ಕಿಸಿದ ಹಾಲು ಚಿಕ್ಕ ಚಿಕ್ಕ ಲೋಟಗಳಲ್ಲಿ ಇತ್ತು. ಹಿಂದೆಯೇ ಉಪ್ಪಿಟ್ಟು, ಕೇಸರಿಬಾತು ಬಂತು. "ತಗಳ್ರಿ, ತಗಳ್ರಿ" ಎಂದರು. ಒಪ್ಪತ್ತಿನವರು ಒಪ್ಪತ್ತು ಹೇಳಿದರು, ಶುಗರಿನವರು ಶುಗರ್ ಹೇಳಿದರು. ನನ್ನ ಸರದಿ ಬಂದಾಗ ನಾನೂ ಹೇಳಿದೆ: "ನಂಗೆ ಡಾಕ್ಟರು ಬೇಡ ಅಂದಿದ್ದಾರೆ ಅವ್ವ."

ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಬದಲಾಗಿದ್ದರೆ ಚೆನ್ನಾಗಿತ್ತು. "ಆಗ್ಲಿ ತಾಯಿ" ಎಂದು ಒಳಗೆ ಹೋಗಿ ಇನ್ನೊಂದು ತಟ್ಟೆ ತಂದರು. ಅದು ಮೊದಲೇ ಸಿದ್ಧವಾಗಿತ್ತು: ಬಾಳೆಹಣ್ಣು, ಮುಚ್ಚಳ ತೆಗೆಯದ ಕೂಲ್‌ಡ್ರಿಂಕ್ಸ್ ಬಾಟಲಿಗಳು. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಏರ್ಪಾಡು. ಅಂಥವರ ಮನೆಯಲ್ಲಿ ಬೇಯಿಸಿದ್ದು ಮುಟ್ಟದ ನಮ್ಮಂಥವರು ಸಿಪ್ಪೆ ಇರುವ ಹಣ್ಣು ತಿನ್ನಬಹುದು. ಹೋದವರ ಮರ್ಯಾದೆಯೂ ಉಳಿಯುತ್ತದೆ, ಕರೆದವರ ಮರ್ಯಾದೆ ಉಳಿಯಿತೆಂದು ಹೇಳಿಕೊಳ್ಳುವುದಕ್ಕೂ ಆಗುತ್ತದೆ. ನಮ್ಮಪ್ಪ ಐಮಂಗಲದ ಕಡೆ ಸೊಸೈಟಿ ಕಾರ್ಯದರ್ಶಿಯಾಗಿದ್ದಾಗ ಇದೇ ಮಾಡುತ್ತಿದ್ದರು. ಕಾಲೋನಿಯಲ್ಲಿ ಟೀ ತಂದರೆ, "ನಂಗೆ ಪಿತ್ತ ಐತಪ್ಪ, ಆಗಿ ಬರಲ್ಲ" ಎಂದು ಹಣ್ಣು ತಿಂದು ಎದ್ದು ಬರುತ್ತಿದ್ದರು, ಮನೆಗೆ ಬಂದು ಎರಡು ಲೋಟ ಟೀ ಕುಡಿಯುತ್ತಿದ್ದರು. ಸೈಕಲ್ಲಿನ ಹಿಂದೆ ಕೂತು ಹೋಗುತ್ತಿದ್ದ ನನಗೆ ಅಪ್ಪ ಭಾರಿ ನಯವಂತ ಅನಿಸುತ್ತಿತ್ತು.

ಈಗ ಡಾಕ್ಟರು ನನಗೆ ತಿನ್ನು ಎಂದದ್ದೂ ಅಪ್ಪ ಅಲ್ಲಿ ತಿನ್ನುತ್ತಿದ್ದದ್ದೂ ಒಂದೇ ಆಗಿತ್ತು. ಎರಡು ಬಾಳೆಹಣ್ಣು ತಿಂದೆ. ತಿನ್ನುವಾಗ ಒಳಗೆ ಏನೋ ಹಗುರಾಯಿತು, ಸಮಾಧಾನವಾಯಿತು. ಯಾಕೆ ಸಮಾಧಾನ? ಹಾಲು ತಪ್ಪಿತೆಂದೋ, ಆ ಮನೆಯ ಹಾಲು ತಪ್ಪಿತೆಂದೋ? ಈ ಪ್ರಶ್ನೆಯನ್ನು ಆಗ ಕೇಳಿಕೊಳ್ಳಲಿಲ್ಲ. ಹೊರಗೆ ಹೆಡ್‌ಮಾಸ್ಟರ್ ಹಾರನ್ ಒತ್ತಿದರು. ಎಲ್ಲರೊಂದಿಗೆ ಎದ್ದು ಬಂದೆ.

ಮರುದಿನ ಅವಳು ಬಸ್ಸಿನಲ್ಲಿ ಸಿಕ್ಕಿ, "ಇರು ಅಂದ್ರೆ ಎದ್ದು ಹೋದೆಯಲ್ಲ ಅಕ್ಕ. ನಿಂಗೆ ಅಂತ ಸಾಮೆ ಅನ್ನ, ಸೊಪ್ಪಿನ ಸಾರು ಬೇರೆ ಮಾಡಿಸಿ ಇಟ್ಟಿದ್ದೆ" ಎಂದಳು.

"ನಿಮ್ಮವ್ವ ಹೇಳಲೇ ಇಲ್ಲ" ಎಂದೆ.

"ಅವ್ವ ನಂಬಲಿಲ್ಲ. ನಾನು ಹಿಂದಿನ ದಿನನೇ ಹೇಳಿದ್ದೆ, ಅಕ್ಕಂದು ನಿಜವಾಗ್ಲೂ ಪಥ್ಯ, ದಿನಾ ನಿನ್ ಕೈ ಡಬ್ಬೀನೇ ತಿಂತಾಳೆ ಅಂತ. ಅದಕ್ಕೆ ಅವ್ವ, ಅವರೆಲ್ಲ ಹಂಗೇ ಹೇಳೋದು ಕಣೇ, ನಿಂಗೆ ಗೊತ್ತಾಗಲ್ಲ ಅಂದ್ಲು." ಕಂಡಕ್ಟರಿಗೆ ಪಾಸು ತೋರಿಸಿ ಮತ್ತೆ ಹೇಳಿದಳು: "ನಂಗೆ ಗೊತ್ತು, ಬಿಡು. ಇನ್ನೊಂದಿನ ಬಾ. ಅವ್ವನ ಮುಂದೆ ಕುಂತ್ಕಂಡು ಒಂದ್ ತುತ್ತು ತಿನ್ನು, ಸಾಕು."

ಬರುತ್ತೇನೆ ಎಂದೆ. ಮುಂದಿನ ಭಾನುವಾರ ಬಟ್ಟೆ ಒಗೆಯುವುದಿತ್ತು. ಅದರ ಮುಂದಿನ ಭಾನುವಾರ ಇನ್ನೇನೋ ಇತ್ತು. ಮೂರನೆಯ ಭಾನುವಾರ ಹೊಳಲ್ಕೆರೆಯಲ್ಲಿ ನಮ್ಮ ಸೋದರತ್ತೆಯ ಸೊಸೆಯ ಸೀಮಂತ.

ಅಲ್ಲಿ ಊಟಕ್ಕೆ ಕೂತಾಗ ಎಲೆಗೆ ಹೋಳಿಗೆ ಬಂತು. ಮೈದಾ, ಬೆಲ್ಲ, ಮೇಲೆ ತುಪ್ಪ, ಅದರ ಮೇಲೆ ಬಿಸಿ ಹಾಲು. ಡಾಕ್ಟರು ಬೇಡ ಎಂದ ಮೂರೂ ಒಂದೇ ಎಲೆಯಲ್ಲಿದ್ದವು. ಬೇಡ ಅತ್ತೆ ಎಂದೆ. "ಲೇ, ನಿನ್ ಪಥ್ಯ ನಿನ್ ಮನೇಲಿ ಇಟ್ಕ. ನನ್ ಮನೆ ಶುಭಕಾರ್ಯದಾಗೆ ಬೇಡ ಅಂತೀಯೇನೇ?" ಎಂದು ಅತ್ತೆ ನನ್ನ ಗದ್ದ ಹಿಡಿದು, ಹೋಳಿಗೆ ಮುರಿದು ಹಾಲಿನಲ್ಲಿ ಅದ್ದಿ ಬಾಯಿಗೆ ತುರುಕಿದರು. ನಾನು ನಕ್ಕೆ. ಒಂದು ತುತ್ತು ಹೋದ ಮೇಲೆ ಉಳಿದದ್ದನ್ನು ನಾನೇ ತಿಂದೆ, ಇನ್ನೊಂದನ್ನೂ ಹಾಕಿಸಿಕೊಂಡೆ. ಅತ್ತೆಯ ಮಗಳು ಫೋಟೋ ತೆಗೆದು ಕಳಿಸಿದಳು. ಅದರಲ್ಲಿ ನಾನು ಎಷ್ಟೋ ವರ್ಷದ ಮೇಲೆ ಚೆನ್ನಾಗಿ ಕಂಡೆ. ಬೆಪ್ಪಿಯಂತೆ ನನ್ನ ಸ್ಟೇಟಸ್ಸಿಗೆ ಹಾಕಿಕೊಂಡೆ. ಸಂಜೆ ನೋಡಿದವರ ಪಟ್ಟಿಯಲ್ಲಿ ಅವಳ ಹೆಸರಿತ್ತು. ತಕ್ಷಣ ಅಳಿಸಿದೆ. ಅಳಿಸಿದ್ದೂ ಅವಳಿಗೆ ಗೊತ್ತಾಗಿರುತ್ತದೆ.

ಸೋಮವಾರ ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕೂತಿದ್ದಳು. ಮಧ್ಯಾಹ್ನ ನಾನೇ ಅವಳ ತರಗತಿಗೆ ಹೋದೆ. ಮಕ್ಕಳು ಬಿಸಿಯೂಟಕ್ಕೆ ಹೋಗಿದ್ದರು, ಅವಳು ಒಬ್ಬಳೇ ಡಬ್ಬಿ ಬಿಚ್ಚಿಕೊಂಡಿದ್ದಳು. ಅತ್ತೆ ಒತ್ತಾಯ ಮಾಡಿ ಬಾಯಿಗೆ ಇಟ್ಟುಬಿಟ್ಟರು, ನಾನು ಬೇಡ ಅಂದೆ, ಕೇಳಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಎರಡನೆಯ ಹೋಳಿಗೆಯ ಮಾತು ಎತ್ತಲಿಲ್ಲ.

ಅವಳು ತಲೆ ಎತ್ತದೆ ಹೇಳಿದಳು: "ನಿಮ್ಮತ್ತೆ ಒತ್ತಾಯ ಮಾಡಿದ್ರು, ತಿಂದ್ರಿ. ನಮ್ಮವ್ವ ಒತ್ತಾಯ ಮಾಡಲಿಲ್ಲ. ನಿಮ್ಮಂಥೋರಿಗೆ ತಿನ್ರಿ ಅಂತ ಎರಡನೇ ಸಲ ಅವಳು ಬದುಕಿನಾಗೆ ಯಾವತ್ತೂ ಹೇಳಿಲ್ಲ ಮೇಡಂ. ಹೇಳಕ್ಕೆ ಆಗುತ್ತೆ ಅಂತನೇ ಅವಳಿಗೆ ಗೊತ್ತಿಲ್ಲ."

ಹನ್ನೆರಡು ವರ್ಷದ ಅಕ್ಕ ಅವತ್ತು ಮೇಡಂ ಆದಳು. ನನಗೆ ಸಿಟ್ಟೂ ಬಂತು. ಒಂದು ಫೋಟೋಗೆ ಇಷ್ಟೊಂದೇ, ಇಷ್ಟು ವರ್ಷ ಇವಳ ಡಬ್ಬಿಯಲ್ಲಿ ತಿನ್ನಲಿಲ್ಲವೇ ಎಂದು ಮನೆಯಲ್ಲಿ ಗಂಡನ ಮುಂದೆ ಕೂಗಾಡಿದೆ. "ಬಿಡು ಅತ್ಲಾಗೆ" ಎಂದು ಅವನು ಟಿವಿ ಹಾಕಿದ. ಕೂಗಾಡುತ್ತಿದ್ದಂತೆಯೇ ಒಂದು ಗೊತ್ತಾಯಿತು: ಹೊಳಲ್ಕೆರೆಯಲ್ಲಿ ಬಾಯಿ ತೆರೆದಾಗ ನನಗೆ ಡಾಕ್ಟರು ನೆನಪೇ ಆಗಿರಲಿಲ್ಲ. ಅವಳ ಮನೆಯ ಹೊಸ್ತಿಲು ದಾಟುವ ಮೊದಲೇ ನೆನಪಾಗಿದ್ದರು.

ಮುಂದಿನ ಭಾನುವಾರ ಯಾರಿಗೂ ಹೇಳದೆ ಅವಳ ಮನೆಗೆ ಹೋದೆ. ಹಾಲೋ ಗೋಧಿಯೋ ಸಕ್ಕರೆಯೋ, ಕೊಟ್ಟದ್ದನ್ನು ತಿಂದೇ ಬರುವುದು, ಬೆರಳು ಬೇಕಾದರೆ ಮತ್ತೆ ಊದಿಕೊಳ್ಳಲಿ ಎಂದು ನಿಶ್ಚಯಿಸಿಕೊಂಡೇ ಹೋಗಿದ್ದೆ. ಅವಳು ಅಂಗಡಿಗೆ ಹೋಗಿದ್ದಳಂತೆ. ಅವ್ವ ಒಬ್ಬರೇ ಇದ್ದರು. ಕುರ್ಚಿಯನ್ನು ಸೆರಗಿನಿಂದ ಒರೆಸಿ, "ಕುಂತ್ಕಳ್ರಿ" ಎಂದರು. ತಾವು ಬಾಗಿಲ ಪಕ್ಕ ನಿಂತರು.

"ಅವ್ವ, ಒಂದು ಲೋಟ ಟೀ ಮಾಡ್ರಿ, ಕುಡೀತೀನಿ" ಎಂದೆ.

ಅವರು ನನ್ನನ್ನು ನೋಡಿದರು. ಗೃಹಪ್ರವೇಶದ ದಿನದ ಅದೇ ಮುಖ. "ಹಾಲು ಒಡೆದು ಹೋಗೈತೆ ತಾಯಿ" ಎಂದರು.

"ಹಾಲು ಬೇಡ ಅವ್ವ, ಬರೀ ಡಿಕಾಕ್ಷನ್ ಕೊಡ್ರಿ."

"ಸಕ್ಕರೆನೂ ಇಲ್ಲ."

"ನಂಗೆ ಸಕ್ಕರೆ ಬೇಡ."

ಅವರು ಸ್ವಲ್ಪ ಯೋಚಿಸಿದರು. "ಗ್ಯಾಸೂ ಮುಗಿದೈತೆ" ಎಂದರು.

ಒಳಗೆ ಕುಕ್ಕರು ಸೀಟಿ ಹಾಕಿತು. ಇಬ್ಬರೂ ಕೇಳಿಸದವರಂತೆ ಇದ್ದೆವು. ಬಸ್ಸಿಗೆ ಹೊತ್ತಾಯಿತು ಎಂದು ನಾನು ಎದ್ದೆ. ಇರ್ರಿ ಎಂದು ಅವರು ಹೇಳಲಿಲ್ಲ.