ಸುಮಿತ್ರಾ ಮೇಡಂ ಕೇಳಿದ ಎರಡನೇ ಭಾಗ

ಬೆಳಿಗ್ಗೆ ಏಳು ಹತ್ತಕ್ಕೆ ನನ್ನ ಮೊಬೈಲಿನಲ್ಲಿ ಕಳಸದ ರಸ್ತೆ ತೆರೆದೇ ಇತ್ತು. ಮಳೆಗಾಲದಲ್ಲಿ ಯಾವ ರಸ್ತೆ ಸರಿಯಿದೆ, ಯಾವುದು ಇಲ್ಲ ಎಂದು ತಿಳಿಸಲು ಕಳಸದ ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಒಂದು ವೆಬ್‌ಸೈಟ್ ಮಾಡಿದ್ದರು. ಅದರಲ್ಲಿ ಹಸಿರು ಅಕ್ಷರಗಳಲ್ಲಿ ‘ಸಂಚಾರಕ್ಕೆ ಮುಕ್ತ’ ಎಂದಿತ್ತು. ಸುಮಿತ್ರಾ ಮೇಡಂ ಕಾಲೇಜಿನ ಹತ್ತಿರದ ತಮ್ಮ ಮನೆಯಲ್ಲಿ ಕೂತು ಅದನ್ನು ಅಳಿಸಿ, ಕೆಂಪಿನಲ್ಲಿ ‘ಬಂದ್’ ಎಂದು ಹಾಕಿ ಆಗಲೇ ಅರ್ಧ ಗಂಟೆಯಾಗಿತ್ತು. ಗುಡ್ಡದ ಬುಡದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಫೋನ್ ಮಾಡಿ, ರಸ್ತೆಯಲ್ಲಿ ಬಿರುಕು ಕಾಣಿಸಿದೆ ಎಂದು ಅವರಿಗೆ ತಿಳಿಸಿದ್ದರು. ಅವರ ಕಂಪ್ಯೂಟರಿನಲ್ಲಿ ಕೆಂಪು, ಮೂಡಿಗೆರೆಯಲ್ಲಿ ಜೀಪು ಹತ್ತುತ್ತಿದ್ದ ನನ್ನ ಕೈಯಲ್ಲಿ ಹಸಿರು.

“ಮೇಡಂ, ರೋಡ್ ಓಪನ್ ಉಂಟಾ, ಸ್ವಲ್ಪ ನೋಡಿ” ಎಂದರು ಜೀಪಿನ ಲೋಕೇಶಣ್ಣ.

“ಉಂಟು, ಹೊರಡಿ” ಎಂದೆ.

ಜಾವಳಿ ದಾಟಿದ ಮೇಲೆ ಒಂದು ತಿರುವಿನಲ್ಲಿ, ಗುಡ್ಡದ ಮೇಲಿನ ಕಾಫಿ ತೋಟದ ಸಿಲ್ವರ್ ಓಕ್ ಮರವೊಂದು ಬೀಳದೆ, ನಿಂತ ಹಾಗೆಯೇ ನಮ್ಮ ಕಡೆ ಇಳಿದು ಬಂತು. ಅದಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿಯೂ ಕದಲಲಿಲ್ಲ. ಗುಡ್ಡ ಜರಿದ ಸದ್ದು ಬಂದದ್ದು ಆಮೇಲೆ. ಲೋಕೇಶಣ್ಣ ಬಾಗಿಲು ತೆಗೆದು, ಅರ್ಧ ಮೈ ಹೊರಗೆ ಹಾಕಿ, ಜೀಪನ್ನು ಹಿಂದಕ್ಕೆ ಓಡಿಸಿದರು. ಮುಂದಿನ ಗಾಜು ಪೂರ್ತಿ ಕೆಸರಿನಲ್ಲಿ ಮುಚ್ಚಿಹೋಯಿತು. ಒಳಗಿದ್ದ ಆರು ಜನರಲ್ಲಿ ಯಾರಿಗೂ ಏನೂ ಆಗಲಿಲ್ಲ. ಈ ‘ಏನೂ ಆಗಲಿಲ್ಲವಲ್ಲ’ ಎಂಬ ಮಾತನ್ನು ನಮ್ಮ ಪ್ರಿನ್ಸಿಪಾಲರು ಆಮೇಲೆ ಎಷ್ಟು ಸಲ ಹೇಳಿದರೆಂದರೆ, ಈಗಲೂ ಅದನ್ನು ಕೇಳಿದರೆ ನನ್ನ ಮೈ ಉರಿಯುತ್ತದೆ. ರಾತ್ರಿ ಕಣ್ಣು ಮುಚ್ಚಿದರೆ ಆ ಮರ ಇಳಿದು ಬರುತ್ತಿತ್ತು. ಆಗಿದ್ದು ಅದು.

ಸುಮಿತ್ರಾ ಮೇಡಂ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಅತಿಥಿ ಉಪನ್ಯಾಸಕಿ. ನಾನು ಅಲ್ಲೇ ವಾಣಿಜ್ಯ ವಿಭಾಗದ ಉಪನ್ಯಾಸಕಿ. ಮೇಡಂ ಕುಳ್ಳಗಿನ ಜೀವ, ಸೀರೆಯ ಮೇಲೆ ಮೊಣಕಾಲು ಮುಟ್ಟುವ ಗಂಡಸರ ರೇನ್‌ಕೋಟು, ಬಾಯಲ್ಲಿ ಸದಾ ಒಂದು ಲವಂಗ. “ಇಷ್ಟು ವರ್ಷದಿಂದ ಎದ್ದು ಹೋಗದ ಅತಿಥಿ ಅಂದ್ರೆ ನಾನೇ ಮಾರಾಯ್ತಿ. ಅದೂ ಕಾಫಿ ನಾನೇ ಮಾಡ್ಕೊಂಡು ಕುಡೀಬೇಕು” ಎಂದು ನಗುತ್ತಿದ್ದರು.

ಅವರು ಯಾವ ಪುಸ್ತಕವನ್ನೂ ಮುಂದಿನಿಂದ ತೆರೆದವರಲ್ಲ. ಕೈಗೆ ಬಂದೊಡನೆ ಮಗುಚಿ, ಕೊನೆಯ ಪದಸೂಚಿ ನೋಡುತ್ತಿದ್ದರು. ಹಾಳಾದದ್ದನ್ನು ಸರಿಮಾಡುವುದು, ಅಳಿಸಿದ್ದನ್ನು ಮರಳಿ ಪಡೆಯುವುದು, ಹಾಕಿದ್ದನ್ನು ತೆಗೆಯುವುದು: ಇವು ಎಷ್ಟು ಪುಟಗಳಲ್ಲಿವೆ ಎಂದು ಬೆರಳಿಟ್ಟು ಹುಡುಕುವರು. ಇಲ್ಲದಿದ್ದರೆ ಪುಸ್ತಕವನ್ನು ಮೇಜಿನ ಮೇಲೆ ದೂರ ತಳ್ಳಿ, “ಇದು ಮದುವೆ ಕಾಗದ. ಚಂದ ಉಂಟು, ಸಂಸಾರಕ್ಕೆ ಬರಲ್ಲ” ಎನ್ನುವರು.

ಆ ವರ್ಷ ಹೊಸ ಪಾಠವೊಂದು ಬಂತು. ಪರದೆಯ ಮೇಲಿನ ಪೆಟ್ಟಿಗೆಯಲ್ಲಿ ಟೈಪ್ ಮಾಡಿ ಗುಂಡಿ ಒತ್ತಿದರೆ ತಾನೇ ವೆಬ್‌ಪುಟವಾಗಿಸಿ ಲೋಕಕ್ಕೆ ತೋರಿಸುವ ತಂತ್ರಾಂಶ ಇರುತ್ತದಲ್ಲ, ಅದನ್ನು ಬಳಸಿ ವೆಬ್‌ಸೈಟ್ ಕಟ್ಟುವುದು. ಅದಕ್ಕೆ ಪರಾಮರ್ಶನ ಗ್ರಂಥ ಆರಿಸಲು ಗ್ರಂಥಾಲಯ ಸಮಿತಿ ಸೇರಿತು. ನಾನೂ ಸದಸ್ಯೆ. ಮೇಡಂ ತಂದದ್ದು ಸಣ್ಣ ಅಕ್ಷರದ, ಚಿತ್ರವಿಲ್ಲದ ಪುಸ್ತಕ. ಅದರ ಅರ್ಧ ಭಾಗ ಸೈಟು ಕೆಟ್ಟಾಗ ಮಾಡಬೇಕಾದದ್ದರ ಬಗ್ಗೆಯೇ ಇತ್ತು. ಪ್ರಿನ್ಸಿಪಾಲರ ಮುಂದಿದ್ದದ್ದು ಹೊಳೆಯುವ ಹೊದಿಕೆಯ, ಎರಡು ಭಾಗಗಳ ಪುಸ್ತಕ.

“ಇದ್ರಲ್ಲಿ ಪುಟಪುಟಕ್ಕೂ ಬಣ್ಣದ ಚಿತ್ರ ಉಂಟು ಮೇಡಂ. ಮಕ್ಕಳಿಗೆ ಓದೋಕೆ ಆಸೆ ಆಗ್ತದೆ.”

“ಸೈಟು ನೋಡ್ಕೊಳ್ಳೋದೆಲ್ಲ ಎರಡ್ನೇ ಭಾಗದಲ್ಲಿ ಉಂಟು ಸರ್. ಅದನ್ನೂ ತರಿಸ್ತೀರಲ್ಲ?”

“ಮೊದ್ಲು ಒಂದ್ನೇ ಭಾಗ ಮುಗಿಸ್ಲಿ. ಅದನ್ನೇ ತರಿಸಿದ್ರೆ ಎಲ್ಲರ ಕೈಗೂ ಒಂದೊಂದು ಪ್ರತಿ ಸಿಗ್ತದೆ.”

“ಡ್ರೈವಿಂಗ್ ಕಲಿಸೋನು ಬ್ರೇಕು ಮುಂದಿನ್ ವರ್ಷ ಹೇಳ್ಕೊಡ್ತೀನಿ ಅಂದ್ರೆ, ನೀವು ಅವನ ಜೊತೆ ಘಾಟಿ ಇಳೀತೀರಾ ಸರ್?”

ಎಲ್ಲರೂ ನಕ್ಕರು. ನಕ್ಕು, ಒಂದನೇ ಭಾಗದ ಪ್ರತಿಗಳನ್ನೇ ಕಟ್ಟುಗಟ್ಟಲೆ ತರಿಸಿದರು. ಎರಡನೇ ಭಾಗ ಒಂದೂ ಬರಲಿಲ್ಲ.

ಮಕ್ಕಳು ಆ ಪುಸ್ತಕ ಹಿಡಿದು ರಸ್ತೆಗಳ ಸೈಟನ್ನು ನಿಜವಾಗಿಯೂ ಚೆನ್ನಾಗಿ ಕಟ್ಟಿದರು. ಮೇಡಂ ‘ನಾನೊಮ್ಮೆ ಪೂರ್ತಿ ನೋಡುವವರೆಗೆ ಅದನ್ನು ಹೊರಗೆ ಬಿಡಬೇಡಿ’ ಎಂದಿದ್ದರು. ಪ್ರಿನ್ಸಿಪಾಲರಿಗೆ ತಡೆಯಲಿಲ್ಲ. ಮೊದಲ ಮಳೆಗೇ ದೀಪ ಹಚ್ಚಿ, ಫೋಟೋ ತೆಗೆಸಿ, ಉದ್ಘಾಟಿಸಿದರು.

ಗುಡ್ಡ ಜರಿದ ದಿನ ಬಳಸುದಾರಿಯಲ್ಲಿ ನಾವು ಕಾಲೇಜು ಮುಟ್ಟುವಾಗ ಮಧ್ಯಾಹ್ನ. ಮೇಡಂ ನನ್ನ ಭುಜ, ಕೈ, ತಲೆ ಎಲ್ಲ ಮುಟ್ಟಿ ನೋಡಿದರು. ಬಳಿಕ ನನ್ನ ಫೋನು ಕಸಿದುಕೊಂಡು ತಮ್ಮದರ ಪಕ್ಕದಲ್ಲಿಟ್ಟರು. ಅದೇ ಪುಟ. ಒಂದರಲ್ಲಿ ಕೆಂಪು, ಒಂದರಲ್ಲಿ ಹಸಿರು.

“ಒಳಗೆ ಲಾಗಿನ್ ಆದ ನಮಗೆ ಮಾತ್ರ ಹೊಸತು ಕಾಣ್ತದೆ. ಹೊರಗಿನವರಿಗೆಲ್ಲ ಹಳೇ ಪ್ರತಿಯನ್ನೇ ಕೊಡ್ತಾ ಉಂಟು” ಎಂದರು.

ನಮ್ಮಲ್ಲಿ ನೆಟ್‌ವರ್ಕ್ ನಿಧಾನ. ಸೈಟು ಬೇಗ ತೆರೆದುಕೊಳ್ಳಲು, ಪ್ರತಿ ಪುಟದ ಸಿದ್ಧ ಪ್ರತಿಯೊಂದನ್ನು ಇಟ್ಟುಕೊಂಡು ಕೇಳಿದವರಿಗೆಲ್ಲ ಅದನ್ನೇ ಕೊಡುವ ಉಪಾಯವನ್ನು ಒಂದನೇ ಭಾಗದ ಕೊನೆಯ ಪಾಠ ಹೇಳಿಕೊಟ್ಟಿತ್ತು. ಮಕ್ಕಳು ಹಾಗೆಯೇ ಮಾಡಿದ್ದರು. ಪುಟ ಬದಲಾದಾಗ ಆ ಹಳೆಯ ಪ್ರತಿಯನ್ನು ಎಸೆಯುವುದು ಹೇಗೆ? ಪಾಠದ ಕೆಳಗೆ ಒಂದೇ ಸಾಲಿತ್ತು: ಎರಡನೇ ಭಾಗ ನೋಡಿ.

“ನಂದೂ ತಪ್ಪುಂಟು. ಹೊರಗಿನವಳ ಹಾಗೆ ನಿಂತು ಒಂದ್ಸಲ ನೋಡ್ಬೇಕಿತ್ತು” ಎಂದರು ಮೇಡಂ. ಆ ಇಡೀ ಕಾಲೇಜಿನಲ್ಲಿ ‘ನಂದೂ ತಪ್ಪುಂಟು’ ಎಂದವರು ಅವರೊಬ್ಬರೇ. ಉಳಿದವರು ಅದನ್ನೇ ಹಿಡಿದುಕೊಂಡರು. ಮೇಡಂ ತಡವಾಗಿ ಬದಲಾಯಿಸಿದರಂತೆ, ಮೇಡಂಗೇ ಸರಿಯಾಗಿ ಬರುವುದಿಲ್ಲವಂತೆ ಎಂದು ಸ್ಟಾಫ್‌ರೂಮಿನಿಂದ ಬಸ್‌ಸ್ಟ್ಯಾಂಡಿನವರೆಗೆ ಮಾತು ಹರಿಯಿತು. ಮರುವರ್ಷದ ಅತಿಥಿ ಉಪನ್ಯಾಸಕರ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಕೇಳಿದರೆ, ‘ಕಾರ್ಯಭಾರ ಇಲ್ಲ’ ಎಂಬ ಉತ್ತರ. ಅದೇ ಪಾಠ ಆ ವರ್ಷವೂ ವೇಳಾಪಟ್ಟಿಯಲ್ಲಿತ್ತು!

ಅವರನ್ನು ಕೊನೆಯ ಸಲ ನೋಡಿದ್ದು ಹೊರನಾಡಿನಲ್ಲಿ. ಅಲ್ಲೊಂದು ವಸತಿಗೃಹದಲ್ಲಿ ಯಾತ್ರಿಕರಿಗೆ ಕೋಣೆ ಕೊಡುವ ಕೆಲಸಕ್ಕೆ ಸೇರಿದ್ದರು. ನಾನು ಕೌಂಟರಿನ ಮುಂದೆಯೇ ಕಾಲೇಜಿನವರಿಗೆಲ್ಲ ಶಾಪ ಹಾಕತೊಡಗಿದೆ. ಅವರು ಯಾರಿಗೋ ಬೀಗದಕೈ ಕೊಟ್ಟು ಕಳಿಸಿ, ನನ್ನ ಕಡೆ ತಿರುಗಿದರು.

“ನಿದ್ದೆ ಬರ್ತದಾ ಈಗ?”

“ಎಲ್ಲಿ ಮೇಡಂ! ಮಳೆ ಸದ್ದು ಕೇಳಿದ್ರೆ ಎದ್ದು ಕೂರ್ತೇನೆ.”

“ನೀನು ಬೈಯೋದೆಲ್ಲ ಸರಿಯೇ ಮಾರಾಯ್ತಿ. ಆದ್ರೆ ಬೈಸ್ಕೊಳ್ಳಬೇಕಾದವರು ಇಲ್ಲಿ ಯಾರಿದ್ದಾರೆ? ನಾನು, ಮತ್ತೆ ಈ ಬೀಗದಕೈ ಹಲಗೆ.”

ಈ ಮಳೆಗಾಲ ಶುರುವಾಗುವ ಹೊತ್ತಿಗೆ ಗ್ರಂಥಾಲಯ ಸಮಿತಿ ಮತ್ತೆ ಸೇರಿತು. ಮೇಜಿನ ಮೇಲೆ ಅದೇ ಹೊಳೆಯುವ ಪುಸ್ತಕದ ಹೊಸ ಮುದ್ರಣ, ಒಂದನೇ ಭಾಗ. “ಹೋದ ಸಲ ಮೇಡಂ ಒಬ್ಬರ ಅಜಾಗರೂಕತೆಯಿಂದ ಸ್ವಲ್ಪ ತೊಂದರೆ ಆಯ್ತು, ಪುಸ್ತಕ ಒಳ್ಳೇದೇ...” ಎಂದು ಪ್ರಿನ್ಸಿಪಾಲರು ಶುರುಮಾಡಿದರು.

ನಾನು ಎದ್ದು ನಿಂತೆ.

“ಆ ಜೀಪಲ್ಲಿ ನಾನಿದ್ದೆ ಸರ್. ರಸ್ತೆ ಸರಿ ಉಂಟು ಅಂತ ಡ್ರೈವರಿಗೆ ಹೇಳಿದ್ದೂ ನಾನೇ. ಮೇಡಂ ಹೊತ್ತಿಗೆ ಸರಿಯಾಗಿಯೇ ಬದಲಾಯಿಸಿದ್ರು. ಅದು ನಮ್ಮ ಕೈಗೆ ಬರದ ಹಾಗೆ ಮಾಡಿದ್ದು ಈ ಕೋಣೆಯಲ್ಲಿ ಕೂತ ನಾವು. ಎರಡ್ನೇ ಭಾಗ ಬೇಕು ಅಂತ ಅವರು ಕೇಳಿದ್ರು. ನಾವು ನಕ್ಕೆವು. ಇದನ್ನ ಇವತ್ತಿನ ನಡಾವಳಿಯಲ್ಲಿ ಬರೀರಿ.”

“ಯಾರಿಗೂ ಏನೂ ಆಗಲಿಲ್ಲವಲ್ಲ ಮೇಡಂ, ಈಗ ಅದೆಲ್ಲ...”

“ಬರೀರಿ ಸರ್. ಬರೆಯುವವರೆಗೆ ನಾನು ಕೂರಲ್ಲ.”

ಯಾರೂ ನಗಲಿಲ್ಲ. ಕನ್ನಡದ ಮೇಷ್ಟ್ರು ತಲೆ ತಗ್ಗಿಸಿ, “ಬರ್ಕೊಳ್ಳಿ, ಹೇಳಿದ್ದು ನಿಜವೇ” ಎಂದರು. ಬರೆದರು. ಮೇಡಂ ಆರಿಸಿದ್ದ ಪುಸ್ತಕವನ್ನೇ ತರಿಸುವುದೆಂದೂ ಆಯಿತು. ಪುಸ್ತಕ ಬರುತ್ತದೆ. ಅದನ್ನು ಕಲಿಸಬಲ್ಲವರು ಹೊರನಾಡಿನಲ್ಲಿ ಬೀಗದಕೈ ಕೊಡುತ್ತಿದ್ದಾರೆ. ಇದನ್ನು ನ್ಯಾಯ ಎಂದು ನಾನು ಕರೆಯಲಾರೆ.

ಅಂದು ಗುರುವಾರ. ಮರುದಿನ ನಾನು ಏಳುವಾಗ ಅಂಗಳದಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು. ರಾತ್ರಿಯಿಡೀ ಹೆಂಚು ಹಾರುವ ಹಾಗೆ ಮಳೆ ಹೊಡೆಯಿತೆಂದು ಅತ್ತೆ ಹೇಳಿದರು. ನನಗೆ ಒಂದು ಹನಿಯ ಸದ್ದೂ ಕೇಳಿರಲಿಲ್ಲ.