ಅಕ್ಕನ ಮಿಷನ್ನೂ ಮಾವಶಿಯ ಗೇರುಬೀಜವೂ

ಮುಂಬೈಯಿಂದ ಬಂದ ಅಕ್ಕ ರೈಲಿನಿಂದ ಇಳಿದವಳು ಮೊದಲು ಮಾಡಿದ್ದೇನು ಗೊತ್ತಾ? ಸಾಬೂನಿನ ಪೆಟ್ಟಿಗೆಯಷ್ಟಿದ್ದ ಒಂದು ಮಿಷನ್ ತೆಗೆದು ಅಂಕೋಲಾದ ಗಾಳಿಗೆ ಹಿಡಿದಳು. ತಂಗಿಯಾದ ನನ್ನನ್ನು ಮಾತಾಡಿಸಿದ್ದು ಆಮೇಲೆ! ಹಸಿರು ದೀಪ ಬಂದರೆ ಒಳ್ಳೆ ಗಾಳಿ, ಕೆಂಪು ಬಂದರೆ ಕೆಟ್ಟದ್ದು. ಅದು ಅಳೆಯುವುದು ಕಣ್ಣಿಗೆ ಕಾಣದಷ್ಟು ಸಣ್ಣ ದೂಳನ್ನಂತೆ, ಆ ದೂಳು ಮೂಗಿನಲ್ಲೂ ನಿಲ್ಲದೆ ಸೀದಾ ಪುಪ್ಪುಸಕ್ಕೆ ಇಳಿಯುತ್ತದಂತೆ. ಅವಳ ದಮ್ಮು ನೋಡಿ ಅಲ್ಲಿಯ ಡಾಕ್ಟರು, ಒಳ್ಳೆ ಗಾಳಿ ಇರುವ ಕಡೆ ಹೋಗಿ ಇರಿ ಎಂದಿದ್ದರು. ಭಾವನಿಗೆ ನಂಬಿಕೆ ಇಲ್ಲ. "ನಿಮ್ಮೂರಲ್ಲೂ ಹೈವೇ ಉಂಟು, ಲಾರಿ ಉಂಟು. ಒಂದು ವಾರ ಇದ್ದು ಬಾ, ಸಾಕು" ಎಂದು ಕಳಿಸಿದ್ದರು.

ನನಗೋ, ಅವಳು ಇಲ್ಲೇ ಉಳಿಯಬೇಕು. ಅವಳು ಮದುವೆಯಾಗಿ ಹೋದಮೇಲೆ ನನಗೆ ಮನಸ್ಸು ಬಿಚ್ಚಿ ಜಗಳ ಮಾಡಲಿಕ್ಕೂ ಜನ ಇಲ್ಲ.

ಆದರೆ ನಮ್ಮ ಮನೆ ಹೈವೇಗೆ ತಾಗಿದ್ದು. ಲಾರಿ ಹೋದಾಗೆಲ್ಲ ದೀಪ ಹಳದಿ. ನಾನು ಅಂಗಳಕ್ಕೆ ನೀರು ಹೊಡೆದೆ, ಕಿಟಕಿ ಮುಚ್ಚಿದೆ, ದೇವರ ಮುಂದಿನ ಊದುಬತ್ತಿಯನ್ನೂ ಆರಿಸಿದೆ. ದಿನಾ ಸ್ಕೂಟಿಯಲ್ಲಿ ಕಾರವಾರಕ್ಕೆ ಕೆಲಸಕ್ಕೆ ಹೋಗುವವಳು ನಾನು. ದಾರಿಯಲ್ಲಿ ಸಿಗುವ ಬಿಣಗಾ ದಾಟಿ ಹೋಗಿ ಬರುವಷ್ಟರಲ್ಲಿ ಮೂಗಿಗೆ ಸುತ್ತಿದ ಬಿಳಿ ವೇಲ್ ಬೂದಿ ಬಣ್ಣ. ಅದನ್ನು ಅಕ್ಕನ ಕಣ್ಣಿಗೆ ಬೀಳದ ಹಾಗೆ ಹಿತ್ತಲಲ್ಲಿ ತೊಳೆಯುತ್ತಿದ್ದೆ.

ರಜೆಯ ದಿನ ಅವಳನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ಹಾರವಾಡಕ್ಕೆ ಹೊರಟೆ. ಅಲ್ಲಿ ಮಾವಶಿಯದು, ಅಂದರೆ ನಮ್ಮ ಅಮ್ಮನ ತಂಗಿಯದು, ಸಮುದ್ರದ ದಂಡೆಯಲ್ಲೇ ಮನೆ. ಅಕ್ಕನಿಗೆ ಒಳ್ಳೆ ಗಾಳಿ ಬೇಕು ಎಂದು ಮೊದಲೇ ಫೋನ್ ಮಾಡಿದ್ದೆ. ಅಕ್ಕ ಬರುತ್ತಾಳೆ ಎಂದದ್ದು ಮಾತ್ರ ಮಾವಶಿಗೆ ಕೇಳಿಸಿತ್ತು. ಹೋಗಿ ನೋಡಿದರೆ, ಅಂಗಳದಲ್ಲಿ ಬೆಂಕಿ ಹಾಕಿ ತಗಡಿನ ಮೇಲೆ ಗೇರುಬೀಜ ಸುಡುತ್ತಾ ಕೂತಿದ್ದಾಳೆ! ಸಿಪ್ಪೆಯ ಎಣ್ಣೆ ಹೊತ್ತಿಕೊಂಡು ಕಪ್ಪು ಹೊಗೆ ಮನೆಯ ಮಾಡಿಗಿಂತ ಮೇಲೆ ಎದ್ದಿತ್ತು. ಮಿಷನ್ ಕೆಂಪಾಗಿ ಕಿರುಚತೊಡಗಿತು. ಅಕ್ಕ ಮೂಗಿಗೆ ಸೆರಗು ಮುಚ್ಚಿಕೊಂಡು ಕೆಮ್ಮುತ್ತಾ ಹಿಂದೆ ಸರಿದಳು.

"ಮಾವಶೀ, ಎಂತ ಮಾಡಿದ್ಯೇ!"

"ಎಂತ ಮಾಡಿದೆ? ಅವಳಿಗೆ ಸುಟ್ಟ ಬೀಜ ಅಂದ್ರೆ ಜೀವ ಅಲ್ವಾ?"

"ಹೊಗೆ ಆಗೂದಿಲ್ಲ ಅವಳಿಗೆ, ದಮ್ಮು ಏರ್ತದೆ!"

ಮಾವಶಿ ತಟ್ಟನೆ ಎದ್ದಳು. ಮೀನಿನ ಬುಟ್ಟಿ ತುಂಬ ದಂಡೆಯ ಹೊಯಿಗೆ ತಂದು ಬೆಂಕಿ, ಬೀಜ, ತಗಡು ಎಲ್ಲದರ ಮೇಲೂ ದಬಕ್ಕನೆ ಸುರಿದಳು. ಅಕ್ಕನ ಕೈ ಹಿಡಿದು ದಂಡೆಗೆ ಕರೆದೊಯ್ದು, ಮೇಲೆ ಎಳೆದಿಟ್ಟ ದೋಣಿಯ ನೆರಳಲ್ಲಿ ಚಾಪೆ ಹಾಸಿ ಕೂರಿಸಿದಳು.

ಸಮುದ್ರದ ಪಡುಗಾಳಿ ಬೀಸುತ್ತಿತ್ತು. ಮಿಷನ್ನಿನಲ್ಲಿ ಕೆಂಪು ಹೋಗಿ ಹಳದಿ, ಹಳದಿ ಹೋಗಿ ಹಸಿರು. ಮಾವಶಿ ಬಗ್ಗಿ ನೋಡಿ, "ಇಷ್ಟು ಹೇಳೂಕೆ ಮಿಷನ್ ಬೇಕಾ ಮಾರಾಯ್ತಿ? ನಿನ್ನ ಮುಖ ನೋಡಿದ್ರೆ ಗೊತ್ತಾಗೂದಿಲ್ವಾ?" ಎಂದಳು. ಅಕ್ಕ ನಗುತ್ತಾ ನಗುತ್ತಾ ಅಲ್ಲೇ ಚಾಪೆಯ ಮೇಲೆ ಉರುಳಿದವಳು ಗೊರಕೆ ಹೊಡೆಯಲಿಕ್ಕೇ ಶುರು ಮಾಡಿದಳು. ನಾನು ಎಷ್ಟು ಖುಷಿಯಲ್ಲಿದ್ದೆ ಎಂದರೆ ಆ ಗೊರಕೆಗೂ ಬೈಯಲಿಲ್ಲ. ಹೊಯಿಗೆ ಕೆದಕಿ ಬೀಜ ಹೆಕ್ಕಿ, ಕೈ ಕಪ್ಪು ಮಾಡಿಕೊಂಡು ನಾನೂ ಮಾವಶಿಯೂ ಜಜ್ಜಿದೆವು.

ನಿದ್ದೆಯಿಂದ ಎದ್ದ ಅಕ್ಕ ಬಾಯಿ ತುಂಬ ಬೀಜ ತುಂಬಿಕೊಂಡೇ ಭಾವನಿಗೆ ಫೋನ್ ಹಚ್ಚಿದಳು.

"ರೀ, ಇಲ್ಲೂ ಹೊಗೆ ಉಂಟು. ಆದ್ರೆ ನಂಗೆ ಆಗೂದಿಲ್ಲ ಅಂದ್ರೆ ನಂದಿಸೂಕೆ ಜನ ಉಂಟು. ಅಲ್ಲಿ ಯಾರಿಗೆ ಹೇಳೂದು? ನಾನು ಬರೂದಿಲ್ಲ."

ಆ ಕಡೆ ಭಾವ ಏನೋ ಹೇಳಲು ಹೊರಟರು. ಹೇಳಲಾಗದೆ, ನಮಗೆಲ್ಲ ಕೇಳುವ ಹಾಗೆ ಉದ್ದಕ್ಕೆ ಕೆಮ್ಮಿದರು.

ಅಕ್ಕ ಕೆಮ್ಮು ನಿಲ್ಲುವವರೆಗೆ ಕಾದಳು.

"ಕೇಳ್ತು. ನೀವೂ ಬನ್ನಿ" ಎಂದಳು.